ನಡುಗೆರೆಯಲ್ಲಿ ನಿಂತ ಬೋಟು

ರಸ್ತೆಯಲ್ಲಿ ಗಾಡಿ ಕೆಟ್ಟರೆ ಇಳಿದು ತಳ್ಳಬಹುದು. ಪಕ್ಕದ ಅಂಗಡಿಯಲ್ಲಿ ಟೀ ಕುಡಿಯುತ್ತಾ ಮೆಕ್ಯಾನಿಕ್‌ಗೆ ಕಾಯಬಹುದು. ಕೆರೆಯ ನಡುವೆ ಬೋಟಿನ ಇಂಜಿನ್ ಕೆಟ್ಟರೆ ಇಳಿಯುವ ಹಾಗಿಲ್ಲ, ಟೀ ಸಿಗುವುದಿಲ್ಲ, ಮೆಕ್ಯಾನಿಕ್ಕೂ ಅದೇ ಬೋಟಿನಲ್ಲಿ ನಿಮ್ಮ ಜೊತೆಗೇ ಕೂತು ಬೆವರುತ್ತಿರುತ್ತಾನೆ. ಆ ಮೆಕ್ಯಾನಿಕ್ ನಾನು. ಒಂದು ಸಲ ಆದರೆ ಗ್ರಹಚಾರ ಅಂತ ಸುಮ್ಮನಾಗಬಹುದಿತ್ತು. ನನಗೆ ಕೆರೆ ಬದಲಾದ ಹಾಗೆಲ್ಲ ಇದು ಆಗುತ್ತಲೇ ಇದೆ.

ಮಧುಗಿರಿಯಲ್ಲಿ ನನ್ನದು ಮೋಟರ್ ರಿಪೇರಿ ಅಂಗಡಿ. ಬೋರ್‌ವೆಲ್ ಮೋಟರು, ಪಂಪ್‌ಸೆಟ್ಟು, ಸ್ಟಾರ್ಟರು ಇವೇ ನನ್ನ ಪ್ರಪಂಚ. ನಮ್ಮ ಕಡೆ ನೀರು ಅಂದರೆ ನೆಲದ ಕೆಳಗೆ ಎಲ್ಲೋ ಇರುವ ಪದಾರ್ಥ. ಅದನ್ನು ಮೇಲಕ್ಕೆ ತರುವುದು ನನ್ನ ಕಸುಬೇ ಹೊರತು ಅದರ ಮೇಲೆ ಕೂತು ಓಡಾಡುವುದಲ್ಲ. ಆದರೆ ಈಚೆಗೆ ಮಳೆ ಚೆನ್ನಾಗಿ ಹಿಡಿದು ಸುತ್ತಲ ಕೆರೆಗಳೆಲ್ಲ ತುಂಬಿದವು. ನಮ್ಮೂರಿನ ಶಾಮಿಯಾನ ಅಂಗಡಿ ಯಜಮಾನರಿಗೆ ಬೋಟಿಂಗ್ ನಡೆಸುವ ಹುಚ್ಚು ಹತ್ತಿತು. ಕರಾವಳಿ ಕಡೆಯಿಂದ ಒಂದು ಹಳೇ ಜೆಟ್ ಬೋಟು ಕೊಂಡು ತಂದರು. ಅದನ್ನು ಟ್ರಾಕ್ಟರ್ ಟ್ರೈಲರಿಗೆ ಏರಿಸಿ, ಯಾವ ಕೆರೆ ತುಂಬಿತೋ ಆ ಕೆರೆಗೆ ಒಯ್ಯುವುದು ಅವರ ಯೋಜನೆ.

ಒಂದು ಬೆಳಿಗ್ಗೆ ಟ್ರಾಕ್ಟರ್ ನನ್ನ ಅಂಗಡಿ ಮುಂದೆ ಬಂದು ನಿಂತಿತು.

"ಇದ್ಕೆ ಹಿಂದ್ಗಡೆ ಫ್ಯಾನಿಲ್ಲ ನೋಡು," ಅಂದರು ಯಜಮಾನರು. "ಹೊಟ್ಟೆ ಕೆಳ್ಗಿಂದ ನೀರು ಎಳ್ಕೊಂತೈತೆ, ಹಿಂದ್ಗಡೆಯಿಂದ ಜೋರಾಗಿ ಬುಡ್ತೈತೆ. ಆ ರಭಸಕ್ಕೆ ಮುಂದಕ್ಕೆ ಓಯ್ತೈತೆ. ನೀನು ರಿಪೇರಿ ಮಾಡೋ ಪಂಪ್‌ಸೆಟ್ಟೇ ಕಣಪ್ಪ, ಮೇಲೆ ಸೀಟು ಹಾಕವ್ರೆ ಅಷ್ಟೆ."

"ಯಜಮಾನ್ರೆ, ನಂಗೆ ಈಜು ಬರಲ್ಲ."

"ಬಾವಿಗಿಳ್ದು ಪಂಪು ಎತ್ತುತಿದ್ಯಲ್ಲ?"

"ಸೊಂಟಕ್ಕೆ ಹಗ್ಗ ಕಟ್ಕೊಂಡು ಇಳೀತಿದ್ದೆ."

"ಇಲ್ಲಿ ಜಾಕೆಟ್ಟೇ ಕೊಡ್ತೀನಿ. ಕೇಸರಿ ಬಣ್ಣದ್ದು. ಫೋಟೋದಾಗೆ ಚೆನ್ನಾಗಿ ಬತ್ತೀಯ, ನಡಿ."

ಹೀಗೆ ನಾನು ಬೋಟ್ ಮೆಕ್ಯಾನಿಕ್ ಆದೆ.

ನೆಂಟರ ಕಾಟ

ಬೋಟು ಓಡಿಸಲು ಯಜಮಾನರು ಗೊತ್ತುಮಾಡಿದ್ದ ಡ್ರೈವರ್ ಪಾವಗಡದ ಕಡೆಯವನು. ಬಹಳ ವರ್ಷ ಲಾರಿ ಓಡಿಸಿದವನು, ಸ್ಟೇರಿಂಗ್ ಇರುವ ಯಾವುದನ್ನಾದರೂ ಓಡಿಸುತ್ತೇನೆ ಅನ್ನುವ ಧೈರ್ಯ. ಮಾತಾಡಿದರೆ ಅರ್ಧ ತೆಲುಗು, ಅರ್ಧ ಕನ್ನಡ, ನಡುನಡುವೆ ಹಾರ್ನ್ ಶಬ್ದ.

ಮೊದಲ ಟ್ರಯಲ್ಲು ಮಧುಗಿರಿ ಹತ್ತಿರದ ಒಂದು ಕೆರೆಯಲ್ಲಿ. ಯಜಮಾನರು, ಡ್ರೈವರು, ನಾನು. ಕೀಲಿ ತಿರುಗಿಸಿದ ತಕ್ಷಣ ಇಂಜಿನ್ ಗುಡುಗಿತು. ಬೋಟು ಎಮ್ಮೆಗರು ಹಗ್ಗ ಕಿತ್ತುಕೊಂಡಂತೆ ಹಾರಿತು. ಯಜಮಾನರು ಎರಡೂ ಕೈಯಲ್ಲಿ ಸೀಟು ಹಿಡಿದುಕೊಂಡು "ಚೆನ್ನಾಗೈತೆ, ಚೆನ್ನಾಗೈತೆ, ನಿಧಾನ ಕಣ್ಲಾ!" ಅಂದರು. ಅಷ್ಟರಲ್ಲಿ ಇಂಜಿನ್ ತಣ್ಣಗೆ ನಿಂತುಹೋಯಿತು.

ಮುಚ್ಚಳ ತೆಗೆದು ನೋಡಿದೆ. ಬ್ಯಾಟರಿ ವೈರು ಬಿಗಿಯಾಗಿತ್ತು. ಪೆಟ್ರೋಲ್ ಪೈಪು ಸರಿಯಿತ್ತು. ಪ್ಲಗ್ ಬಿಚ್ಚಿ, ಒರೆಸಿ, ಮತ್ತೆ ಹಾಕಿದೆ. "ಈಗ ಹೊಡಿ" ಅಂದೆ. ಡ್ರೈವರ್ ಕೂತು ಕೀಲಿ ತಿರುಗಿಸಿದ, ಸ್ಟಾರ್ಟ್ ಆಯಿತು.

"ಕೈಗುಣ ಅಂದ್ರೆ ಇದು," ಅಂದರು ಯಜಮಾನರು.

ಸ್ವಲ್ಪ ದೂರ ಹೋಗಿ ಮತ್ತೆ ನಿಂತಿತು. ಮತ್ತೆ ಮುಚ್ಚಳ, ಮತ್ತೆ ಪ್ಲಗ್, ಮತ್ತೆ ಸ್ಟಾರ್ಟು. ಮತ್ತೆ ನಿಂತಿತು. ಒರೆಸಿ ಒರೆಸಿ ಪ್ಲಗ್ಗು ಹೊಸ ಬೆಳ್ಳಿ ಉಂಗುರದ ಹಾಗೆ ಹೊಳೆಯುತ್ತಿತ್ತು. ಯಜಮಾನರು ಕೈಗುಣದ ಮಾತು ನಿಲ್ಲಿಸಿ ದಡ ಎಷ್ಟು ದೂರ ಅಂತ ಅಳೆಯುವ ಮುಖ ಮಾಡಿದ್ದರು. ಕೊನೆಗೆ ನಾನು ಇಂಜಿನ್ ನೋಡುವುದು ಬಿಟ್ಟು ಡ್ರೈವರನ್ನೇ ನೋಡುತ್ತಾ ಕೂತೆ.

ಏರಿಯ ಮೇಲೆ ಯಾರೋ ಬೈಕ್ ನಿಲ್ಲಿಸಿ "ಬಾವಾ!" ಅಂತ ಕೂಗಿದರು. ನಮ್ಮ ಡ್ರೈವರಿಗೆ ಹೆಂಡತಿಯ ತವರು ಅದೇ ಊರು. ಅವನು ಧಡಕ್ಕನೆ ಎದ್ದು ನಿಂತು ಎರಡೂ ಕೈ ಎತ್ತಿ ಬೀಸಿದ. ಅವನ ಸೊಂಟಕ್ಕೆ ಸಿಕ್ಕಿಸಿದ್ದ ಒಂದು ಕೆಂಪು ಸುರುಳಿ ದಾರ ಎಳೆದುಕೊಂಡು, ಅದರ ತುದಿಯ ಕ್ಲಿಪ್ಪು ಸ್ವಿಚ್ಚಿನಿಂದ ಪಟ್ಟನೆ ಕಿತ್ತು ಬಂತು. ಇಂಜಿನ್ ಆಫ್. ಅವನು ಕೂತು, ಏನೂ ಆಗದವನ ಹಾಗೆ ಕ್ಲಿಪ್ಪನ್ನು ಜಾಗಕ್ಕೆ ಒತ್ತಿದ.

"ಏನಪ್ಪಾ ಅದು?" ಅಂದೆ.

"ಸೀಟ್ ಬೆಲ್ಟ್ ಕದಾ ಅಣ್ಣಾ. ಎದ್ದಾಗ ಬಿಚ್ಕೊಂತೈತೆ. ಕೂತಾಗ ಹಾಕ್ಕೊಂತೀನಿ."

ಡ್ರೈವರ್ ನೀರಿಗೆ ಬಿದ್ದರೆ ಬೋಟು ತನ್ನ ಪಾಡಿಗೆ ತಾನು ಓಡಿಹೋಗಬಾರದು ಅಂತ ಇಂಜಿನ್ ನಿಲ್ಲಿಸುವ ದಾರ ಅದು ಅಂತ ನಾನು ವಿವರಿಸಿದೆ. ಡ್ರೈವರ್ ನಾಲಿಗೆ ಕಚ್ಚಿಕೊಂಡ. ಯಜಮಾನರು ಏರಿಯ ಕಡೆ ನೋಡಿದರು. ಅಲ್ಲಿ ಆ ಬಾಮೈದ ಫೋನ್ ಮಾಡಿ ಇನ್ನೂ ಕೆಲವರನ್ನು ಕರೆಸಿಕೊಂಡಿದ್ದ. ಎಲ್ಲರೂ ಕೈ ಬೀಸಲು ಸಾಲಾಗಿ ನಿಂತಿದ್ದರು.

ಯಜಮಾನರು ನನ್ನ ಕಡೆ ತಿರುಗಿ ಮೆಲ್ಲಗೆ ಅಂದರು: "ಇವ್ನ ನೆಂಟ್ರಿಲ್ದಿರೋ ಕೆರೆ ಯಾವ್ದಾದ್ರೂ ಐತಾ ವಿಚಾರ್ಸು. ಮೊದ್ಲು ಅಲ್ಲಿ ಬುಡಾನ."

ಜರಾ ಓರೆ ಮಾಡಿ

ಹಾಗೆ ಬೋಟು ಶಿರಾ ಕಡೆಗೆ ಹೋಯಿತು. ಅಲ್ಲಿ ಡ್ರೈವರಿಗೆ ನೆಂಟರಿರಲಿಲ್ಲ, ಆದರೆ ಕೆರೆ ತುಂಬಾ ಜೊಂಡಿತ್ತು.

ಭಾನುವಾರ ಒಬ್ಬ ಸಾಹೇಬರು ಮನೆಮಂದಿಯನ್ನೆಲ್ಲ ಕರೆದುಕೊಂಡು ಬಂದರು. ಶಿರಾದಲ್ಲಿ ಬಿರಿಯಾನಿ ಹೋಟೆಲ್ ನಡೆಸುವವರು, ಮಾತೂ ಮೈಯೂ ಎರಡೂ ಧಾರಾಳ. ಅವರ ಬೇಗಂ, ತಂಗಿಯರು, ತಂಗಿಯರ ಗಂಡಂದಿರು ಎಲ್ಲರಿಗೂ ಜಾಕೆಟ್ ತೊಡಿಸಿ ಹೊರಟೆವು. ನಡುಗೆರೆಯಲ್ಲಿ ಇಂಜಿನ್ ಕೂಗುತ್ತಲೇ ಇತ್ತು, ಬೋಟು ಮಾತ್ರ ಇದ್ದಲ್ಲೇ ಇತ್ತು.

ನನಗೆ ಗೊತ್ತಾಯಿತು. ಬೋಟಿನ ಹೊಟ್ಟೆ ಕೆಳಗೆ ನೀರೆಳೆಯುವ ಬಾಯಿಗೆ ಒಂದು ಜಾಲರಿ ಇದೆ. ಜೊಂಡು ಅದಕ್ಕೆ ಸುತ್ತಿಕೊಂಡಿತ್ತು. ನೀರು ಒಳಗೆ ಹೋಗದಿದ್ದರೆ ಪಂಪು ಏನನ್ನು ಎಸೆಯಬೇಕು? ಇಂಜಿನ್ ಆಫ್ ಮಾಡಿಸಿ, ಬೋಟಿನ ಬಲ ಅಂಚಿನಲ್ಲಿ ಬೋರಲು ಮಲಗಿ, ಭುಜದ ತನಕ ಕೈ ನೀರಿಗಿಳಿಸಿ ಹುಡುಕತೊಡಗಿದೆ.

ಅಷ್ಟರಲ್ಲಿ ಬೋಟಿನಲ್ಲಿದ್ದವರೆಲ್ಲ ಮೆಕ್ಯಾನಿಕ್‌ಗಳಾದರು.

"ಚೋಕ್ ಎಳೀರಿ," ಅಂದರು ಒಬ್ಬ ತಂಗಿಯ ಗಂಡ.

"ಪ್ಲಗ್ ಬಿಚ್ಚಿ ಊದಿ," ಅಂದರು ಇನ್ನೊಬ್ಬ ತಂಗಿಯ ಗಂಡ.

"ಪೆಟ್ರೋಲ್ ಹಾಕಿದೀರಾ ಇಲ್ವಾ ಮೊದ್ಲು ನೋಡಿ," ಅಂದರು ಬೇಗಂ. ಅವರದು ಮನೆ ನಡೆಸುವವರ ಪ್ರಶ್ನೆ.

ಸಾಹೇಬರು ಎಲ್ಲರನ್ನೂ ಕೈಯೆತ್ತಿ ಸುಮ್ಮನಿರಿಸಿದರು. "ಅರೆ ಭಾಯ್, ಫಿಕರ್ ಬೇಡ. ನಮ್ದು ಹಳೇ ಸ್ಕೂಟರ್ ಇತ್ತು. ನಡುರಸ್ತೇಲಿ ನಿಂತ್ರೆ ಏನ್ ಮಾಡ್ತಿದ್ದೆ? ಜರಾ ಓರೆ ಮಾಡ್ತಿದ್ದೆ, ಸೀದಾ ಮಾಡಿ ಕಿಕ್ ಹೊಡೀತಿದ್ದೆ. ಸ್ಟಾರ್ಟ್! ಎಲ್ರೂ ಈ ಕಡೆ ಬನ್ನಿ. ಜರಾ ಓರೆ ಮಾಡೋಣ."

"ಸಾಹೇಬ್ರೆ, ಬ್ಯಾಡ್ರೀ..." ಅಂತ ನಾನು ಅನ್ನುವಷ್ಟರಲ್ಲಿ ಇಡೀ ಕುಟುಂಬ ಎದ್ದು ನನ್ನ ಕಡೆಗೇ ಬಂತು. ಆಗಷ್ಟೇ ನನ್ನ ಕೈಗೆ ಜೊಂಡಿನ ದೊಡ್ಡ ಕಂತೆ ಸಿಕ್ಕಿತ್ತು. ಬೋಟು ಓರೆಯಾಯಿತು. ನಾನು ಕಂತೆ ಬಿಡಲಿಲ್ಲ, ಕಂತೆ ನನ್ನನ್ನು ಬಿಡಲಿಲ್ಲ. ಇಬ್ಬರೂ ಒಟ್ಟಿಗೇ ಕೆರೆಗೆ ಬಿದ್ದೆವು.

ಮೊದಲ ಸಲ ಕೇಸರಿ ಜಾಕೆಟ್ಟಿನ ಬೆಲೆ ತಿಳಿಯಿತು. ಬೆಂಡಿನ ಹಾಗೆ ಮೇಲೆ ಬಂದೆ, ತಲೆ ಮೇಲೆ ಜೊಂಡಿನ ಪೇಟ. ಡ್ರೈವರ್ "ಅಯ್ಯೋ ದೇವುಡಾ!" ಅಂತ ಹುಟ್ಟು ಚಾಚಿ ನನ್ನನ್ನು ಎಳೆದುಕೊಂಡ. ತಂಗಿಯರ ಗಂಡಂದಿರಿಬ್ಬರೂ ಕಂಕುಳಿಗೆ ಕೈ ಕೊಟ್ಟು ಮೇಲೆತ್ತಿದರು. ಬೇಗಂ ತಮ್ಮ ಟವೆಲ್ ಕೊಟ್ಟು, ಗಂಡನನ್ನು ಉರ್ದುವಿನಲ್ಲಿ ಅಂಥಾ ಬೈಗುಳ ಬೈದರು ಅಂದರೆ, ಅರ್ಥವಾಗದೆಯೂ ನನಗೆ ಸಮಾಧಾನವಾಯಿತು.

ಡ್ರೈವರ್ ಕೀಲಿ ತಿರುಗಿಸಿದ. ಜೊಂಡೆಲ್ಲ ನನ್ನ ಜೊತೆ ಕಿತ್ತು ಬಂದಿತ್ತಲ್ಲ, ಬೋಟು ಬಾಣದ ಹಾಗೆ ಹೊರಟಿತು.

ಸಾಹೇಬರು ಹೆಂಡತಿಯ ಕಡೆ ತಿರುಗಿ ಎದೆಯುಬ್ಬಿಸಿ ಅಂದರು: "ನಾನ್ ಹೇಳ್ಲಿಲ್ವಾ? ಓರೆ ಮಾಡಿದ್ರೆ ಸ್ಟಾರ್ಟ್ ಆಯ್ತದೆ!"

ರಿವರ್ಸ್ ಸವಾರಿ

ಕೊರಟಗೆರೆ ಕಡೆಯ ಕೆರೆಯಲ್ಲಿ ನೀರು ಸ್ವಚ್ಛ, ದಡದಲ್ಲಿ ನೆರಳು. ಅಲ್ಲಿಗೆ ಒಂದು ರಜಾದಿನ ಒಂದು ಶಾಲೆಯ ಮೇಡಂಗಳೆಲ್ಲ ಸೇರಿ ಬಂದರು. ಮುಂದಾಳತ್ವ ಹೆಡ್ ಮೇಡಂ ಅವರದು. ಜಾಕೆಟ್ಟಿನ ಬಕಲ್ ಸರಿಯಾಗಿ ಹಾಕಿದ್ದಾರಾ ಅಂತ ಅವರೇ ಸಾಲಾಗಿ ನಿಲ್ಲಿಸಿ ನೋಡಿದರು. ನನ್ನದೂ ನೋಡಿದರು.

ಆಚೆ ದಡದವರೆಗೆ ಸುಖವಾಗಿ ಹೋದೆವು. ತಿರುಗಿ ಬರುವಾಗ ಹಿಂದುಗಡೆ 'ಟಣ್' ಅಂತ ಶಬ್ದವಾಯಿತು. ಬೋಟು ಗಕ್ಕನೆ ನಿಂತು, ಆಮೇಲೆ ಹಿಂದಕ್ಕೆ ಹೋಗತೊಡಗಿತು. ಡ್ರೈವರ್ ಇನ್ನೂ ಜೋರಾಗಿ ಆಕ್ಸಿಲರೇಟರ್ ಒತ್ತಿದ. ಇನ್ನೂ ಜೋರಾಗಿ ಹಿಂದಕ್ಕೆ ಹೋಯಿತು.

ಜೆಟ್ ಬೋಟಿಗೆ ಲಾರಿಯ ಹಾಗೆ ಗೇರಿಲ್ಲ. ಹಿಂದುಗಡೆ ನೀರು ಚಿಮ್ಮುವ ಬಾಯಿಗೆ ಒಂದು ಲೋಹದ ಮುಚ್ಚಳವಿದೆ. ಅದನ್ನು ಇಳಿಸಿದರೆ ನೀರು ತಿರುಗಿ ಮುಂದಕ್ಕೆ ಚಿಮ್ಮಿ ಬೋಟು ಹಿಂದಕ್ಕೆ ಹೋಗುತ್ತದೆ. ಅದನ್ನು ಎತ್ತಿ ಹಿಡಿಯುವ ಕೇಬಲ್ ತುಂಡಾಗಿತ್ತು, ಮುಚ್ಚಳ ಕೆಳಗೆ ಬಿದ್ದು ಕೂತಿತ್ತು. ಎತ್ತಿ ಕಟ್ಟೋಣ ಅಂತ ದಾರ ಕೇಳಿದೆ. ಒಬ್ಬ ಮೇಡಂ ಕೊರಳಿನ ಗುರುತಿನ ಕಾರ್ಡಿನ ಪಟ್ಟಿ ಬಿಚ್ಚಿಕೊಟ್ಟರು. ಕಟ್ಟಿ ಇಂಜಿನ್ ಹಾಕಿಸಿದೆ. ನೀರಿನ ಹೊಡೆತಕ್ಕೆ ಪಟ್ಟಿ ಹರಿದು ಕೆರೆಪಾಲಾಯಿತು.

"ಹಿಂದಕ್ಕೆ ಹೋಗ್ತದಲ್ಲ?" ಅಂದರು ಹೆಡ್ ಮೇಡಂ.

"ಹಿಂದಕ್ಕೆ ಹೋಗ್ತದೆ ಮೇಡಂ."

"ಹಾಗಾದ್ರೆ ದಡದ ಕಡೆ ಬೆನ್ನು ಮಾಡಿ. ಹಿಂದಕ್ಕೇ ಹೋಗೋಣ."

ಹುಟ್ಟು ಹಾಕಿ ಬೋಟನ್ನು ತಿರುಗಿಸಿಕೊಂಡು ಹೊರಟೆವು. ರಿವರ್ಸಿನಲ್ಲಿ ಸ್ಟೇರಿಂಗ್ ಉಲ್ಟಾ ಕೆಲಸ ಮಾಡುತ್ತದೆ. ಡ್ರೈವರಿಗೆ ಹಿಂದೆ ಏನೂ ಕಾಣದು. ಹೆಡ್ ಮೇಡಂ ಹಿಂದಿನ ಸೀಟಿನಲ್ಲಿ ದಡದ ಕಡೆ ಮುಖ ಮಾಡಿ ಕೂತು "ಎಡಕ್ಕೆ! ಎಡಕ್ಕೆ!" ಅಂದರೆ ಅವನು ತನ್ನ ಎಡಕ್ಕೆ ತಿರುಗಿಸುತ್ತಿದ್ದ. ಬೋಟು ಬೇರೆಲ್ಲಿಗೋ ಹೋಗುತ್ತಿತ್ತು.

"ನಿಮ್ ಎಡನಾ, ನಂದಾ ಮೇಡಂ?"

"ನಿಂದು!"

"ನಂದು ಅಂದ್ರೆ ಕೂತಿರೋದಾ, ಓಗೋದಾ?"

ಮೇಡಂ ಒಂದು ನಿಮಿಷ ಯೋಚಿಸಿದರು. ಆಮೇಲೆ ಎಡ ಬಲ ಎರಡನ್ನೂ ರದ್ದು ಮಾಡಿ "ಹುಣಸೆಮರ!", "ಪಂಪ್‌ಹೌಸ್!" ಅಂತ ದಡದ ಗುರುತುಗಳನ್ನೇ ಕೂಗತೊಡಗಿದರು. ಆಗ ಬೋಟು ಹದಕ್ಕೆ ಬಂತು. ಮೇಡಂಗಳು ಹಾಡು ಶುರುಮಾಡಿದರು. ಕೆರೆಯ ಉದ್ದಕ್ಕೂ ನಾವು ಹಿಂದುಮುಂದಾಗಿ, ಹಾಡುತ್ತಾ, ಮದುವೆ ದಿಬ್ಬಣದ ಹಾಗೆ ಬಂದೆವು.

ದಡದಲ್ಲಿ ಕುರಿ ಮೇಯಿಸುತ್ತಿದ್ದ ಅಜ್ಜ ಕೋಲಿಗೆ ಗದ್ದ ಊರಿಕೊಂಡು ಎಲ್ಲವನ್ನೂ ನೋಡುತ್ತಿದ್ದ. ನಾವು ಇಳಿದ ಮೇಲೆ ಹತ್ತಿರ ಬಂದು ಬಹಳ ಕಾಳಜಿಯಿಂದ ಕೇಳಿದ: "ಯಾಕ್ರಪ್ಪಾ, ಆ ದಡ್ದಾಗೆ ಯಾರ್ಗಾದ್ರೂ ಎದ್ರುಕೊಂಡ್ರಾ? ಬೆನ್ನೇ ತಿರುಗಿಸ್ದಂಗೆ ಬಂದ್ಬುಟ್ರಲ್ಲಾ!"

ಮಾರನೇ ದಿನ ಕೇಬಲ್ ಹಾಕಿ ರೆಡಿ ಮಾಡಿದೆ. ಬೆಳಿಗ್ಗೆಯೇ ಬಂದ ಒಂದು ಗುಂಪು ಬೋಟನ್ನು ಸುತ್ತಲೂ ನೋಡಿ ಮುಖ ಸಪ್ಪೆ ಮಾಡಿಕೊಂಡಿತು. "ಇದು ಮುಂದಕ್ಕೂ ಓಯ್ತದಾ? ನಮ್ಗೆ ನೆನ್ನೆ ಮೇಡಂಗುಳ್ಗೆ ಕೊಟ್ರಲ್ಲ, ಆ ಬೋಟ್ ಬೇಕು."

ಇನ್ನೊಂಚೂರು ರಿಪೇರಿ

ಪಾವಗಡ ಕಡೆ ಹೋದಾಗ ಡ್ರೈವರಿಗೆ ಸ್ವಂತ ಊರಿನ ಹುರುಪು. ಅಲ್ಲಿ ಮದುವೆಗೆ ಮುಂಚೆ ಫೋಟೋ ತೆಗೆಸುವ ಒಂದು ಜೋಡಿಗೆ ಬೋಟು ಬೇಕಾಗಿತ್ತು. ಹುಡುಗನಿಗೆ ತಿರುಮಣಿ ಹತ್ತಿರ ಸೋಲಾರ್ ಪ್ಲಾಂಟಿನಲ್ಲಿ ಕೆಲಸ, ಹುಡುಗಿ ಟೀಚರ್. ಹುಡುಗನಿಗೆ ಬಿಸಿಲಲ್ಲಿ ಕಪ್ಪು ಕೋಟು, ಹುಡುಗಿಗೆ ನೆಲ ಗುಡಿಸುವಷ್ಟು ಉದ್ದದ ಗೌನು. ಫೋಟೋ ತೆಗೆಯುವವನು ದಡದಲ್ಲಿ ನಿಂತು ಡ್ರೋನ್ ಹಾರಿಸುತ್ತಾ, ಫೋನಿನಲ್ಲಿ ಅಪ್ಪಣೆ ಕೊಡುತ್ತಿದ್ದ. "ಕೈ ಹಿಡಿ! ಈ ಕಡೆ ನೋಡು! ನಗು! ಅಷ್ಟಲ್ಲ!" ಅವರು ಅವನ ಮಾತು ಕೇಳುವುದರಲ್ಲೇ ಮುಳುಗಿ ಒಬ್ಬರಿಗೊಬ್ಬರು ಒಂದೇ ಒಂದು ಮಾತಾಡಿರಲಿಲ್ಲ.

ನಡುಗೆರೆಯಲ್ಲಿ ಇಂಜಿನ್ ಕೆಮ್ಮಿ ಕೆಮ್ಮಿ ನಿಂತಿತು. ಸ್ವಲ್ಪ ಹೊತ್ತಿಗೆ ಡ್ರೋನಿನ ಚಾರ್ಜೂ ಮುಗಿದು ಅದು ದಡಕ್ಕೆ ವಾಪಸಾಯಿತು. ನಾನು ಮುಚ್ಚಳದೊಳಗೆ ತಲೆ ಹಾಕಿದೆ. ಪೆಟ್ರೋಲ್ ಇಂಜಿನ್ನಿಗೆ ಬರುತ್ತಿರಲಿಲ್ಲ. ಟ್ಯಾಂಕಿನಲ್ಲಿ ಮಾತ್ರ ಬೇಕಾದಷ್ಟಿತ್ತು.

ಮೇಲಿನಿಂದ ಹುಡುಗಿಯ ದನಿ ಕೇಳಿತು: "ಆ ಕೋಟು ನಿಮಗೆ ಇಷ್ಟಾನಾ?"

"ಇಲ್ಲರೀ. ಕತ್ತಿನ ಹತ್ರ ಚುಚ್ತೈತೆ."

"ನಂಗೂ ಈ ಗೌನು ಇಷ್ಟ ಇಲ್ಲ. ಎಲ್ರೂ ಹಾಕ್ಕೊಂತಾರೆ ಅಂತ ಹಾಕ್ಕೊಂಡೆ."

ಇಬ್ಬರೂ ನಕ್ಕರು. ನಾನು ಪೈಪು ಬಿಚ್ಚಿ ಊದಿದೆ. ಪೈಪು ಚೊಕ್ಕವಾಗಿತ್ತು.

"ಒಂದು ಕೇಳ್ಬೋದಾ?" ಅಂದಳು ಹುಡುಗಿ. ಈ ಸಲ ದನಿಯಲ್ಲಿ ನಗು ಇರಲಿಲ್ಲ. "ಮದ್ವೆ ಆದ್ಮೇಲೆ ನಾನು ಸ್ಕೂಲ್ ಬಿಡಬೇಕಾ?"

"ಯಾರ್ ಹೇಳಿದ್ದು?"

"ನಿಮ್ಮ ಸೋದರತ್ತೆ. ನಿಶ್ಚಿತಾರ್ಥದ ದಿನ ಹೇಳಿದ್ರು."

"ನಮ್ಮತ್ತೆ ಏನು ಆ ಸ್ಕೂಲಿಗೆ ಬಂದು ಪಾಠ ಮಾಡ್ತಾರಾ? ಬಿಡಬೇಡ್ರಿ. ನಾನು ಮನೇಲಿ ಮಾತಾಡ್ತೀನಿ. ನೀವು ಎರಡು ತಿಂಗಳಿಂದ ಇದನ್ನೇ ಇಟ್ಕೊಂಡು ಕೂತಿದ್ರಾ?"

"ಕೇಳೋಕೆ ಎಲ್ಲಿ ಬಿಟ್ರು? ಫೋನ್ ಮಾಡಿದ್ರೆ ಪಕ್ಕದಲ್ಲಿ ಯಾರಾದ್ರೂ ಇರೋರು."

ಡ್ರೈವರ್ ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ. ಅಷ್ಟರಲ್ಲಿ ನನ್ನ ಕಣ್ಣು ಪೆಟ್ರೋಲ್ ಟ್ಯಾಂಕಿನ ಮುಚ್ಚಳಕ್ಕೆ ಬಿತ್ತು. ಬೆಳಗಿನ ತುಂತುರಿಗೆ ನೀರು ಸೇರದಿರಲಿ ಅಂತ ಡ್ರೈವರ್ ಅದಕ್ಕೆ ಪ್ಲಾಸ್ಟಿಕ್ ಕವರ್ ಸುತ್ತಿ ರಬ್ಬರ್ ಬ್ಯಾಂಡ್ ಬಿಗಿದಿದ್ದ. ಗಾಳಿ ಒಳಗೆ ಹೋಗದೆ ಪೆಟ್ರೋಲು ಹೊರಗೆ ಬರುತ್ತಿರಲಿಲ್ಲ. ಕವರ್ ಕಿತ್ತು ಮುಚ್ಚಳ ಸಡಿಲಿಸಿದೆ. 'ಉಸ್ಸ್' ಅಂತ ಟ್ಯಾಂಕು ಉಸಿರಾಡಿತು.

"ಆಯ್ತಮ್ಮಾ, ರೆಡಿ. ಓಗಾನ," ಅಂದೆ.

ಹುಡುಗಿ ದಡದ ಕಡೆ ನೋಡಿದಳು. ಅಲ್ಲಿ ಎರಡೂ ಮನೆಯವರು, ಫೋಟೋದವನು, ಹೊಸ ಬ್ಯಾಟರಿ ಹಾಕಿದ ಡ್ರೋನು ಎಲ್ಲ ಕಾಯುತ್ತಿದ್ದವು. ಅವಳು ನನ್ನ ಕಡೆ ಬಗ್ಗಿ ಮೆಲ್ಲಗೆ ಅಂದಳು: "ಅಣ್ಣಾ, ಇಂಕೊಂಚೆಂ... ಇನ್ನೊಂಚೂರು ರಿಪೇರಿ ಮಾಡ್ತೀರಾ?"

ನಾನು ಸ್ಪ್ಯಾನರ್ ತೆಗೆದುಕೊಂಡು, ಯಾವ ಕಾಯಿಲೆಯೂ ಇಲ್ಲದ ಇಂಜಿನ್ನನ್ನು ಟಣ್ ಟಣ್ ಅಂತ ಬಡಿಯುತ್ತಾ ಕೂತೆ. ದಡದಿಂದ ಯಜಮಾನರ ಫೋನ್ ಬಂತು. "ಏನಾಯ್ತಲಾ? ಏನ್ ಕೆಟ್ಟೈತೆ?"

"ಇಂಜಿನ್ ಸರಿಯಾಗೈತೆ ಯಜಮಾನ್ರೆ," ಅಂದೆ. "ಪ್ಯಾಸೆಂಜರ್ದು ಈಗ ಸ್ಟಾರ್ಟ್ ಆಗೈತೆ. ಅರ್ಧಕ್ಕೆ ಆಫ್ ಮಾಡೋದು ಬ್ಯಾಡ."

ಬಾಗಿನ

ಇನ್ನು ಇದನ್ನು ನೆನೆಸಿಕೊಂಡರೆ ಈಗಲೂ ಒಂದು ಕಣ್ಣಲ್ಲಿ ನಗು, ಇನ್ನೊಂದರಲ್ಲಿ ಭಯ.

ಕೊಡಿಗೇನಹಳ್ಳಿ ಕಡೆಯ ಒಂದು ಕೆರೆ ಬಹಳ ವರ್ಷದ ಮೇಲೆ ತುಂಬಿ ಕೋಡಿ ಹರಿಯುತ್ತಿತ್ತು. ಊರಿಗೆ ಊರೇ ಹಬ್ಬ. ಗಂಗಮ್ಮನಿಗೆ ಬಾಗಿನ ಬಿಡಲು ಒಬ್ಬ ದೊಡ್ಡ ಮನುಷ್ಯರು ಹೆಂಡತಿ ಸಮೇತ ಬರುವವರಿದ್ದರು. ಹೆಸರು ಬೇಡ, ಆ ಕಡೆ ಎಲ್ಲರೂ ಅವರನ್ನು ಸಾಹೇಬರು ಅಂತಲೇ ಕರೆಯುವುದು. ಎಲ್ಲರೂ ಏರಿಯ ಮೆಟ್ಟಿಲಿಂದ ಬಾಗಿನ ಬಿಡುತ್ತಾರೆ. ನಮ್ಮ ಯಜಮಾನರು ಹೋಗಿ "ನಡುಗೆರೆಗೆ ಓಗಿ ಬುಡಿ ಸಾರ್, ನಮ್ ಬೋಟೈತೆ" ಅಂದುಬಿಟ್ಟರು. ಸಾಹೇಬರು ಮೆಚ್ಚಿದರೆ ಆ ಕೆರೆಯಲ್ಲಿ ಕಾಯಂ ಬೋಟಿಂಗಿಗೆ ಒಪ್ಪಿಗೆ ಸಿಗುತ್ತದೆ ಅನ್ನುವುದು ಅವರ ಆಸೆ. ಊರೂರು ಬೋಟು ಹೊತ್ತು ತಿರುಗಿ ಅವರೂ ಸೋತಿದ್ದರು, ಟ್ರಾಕ್ಟರೂ ಸೋತಿತ್ತು.

ಹಿಂದಿನ ದಿನವೆಲ್ಲ ನಾನು ಇಂಜಿನ್ನಿನ ಒಂದೊಂದು ನಟ್ಟನ್ನೂ ಬಿಗಿದೆ. ಯಜಮಾನರು ಬೋಟಿಗೆ ಚೆಂಡುಹೂವು, ಮಾವಿನ ಸೊಪ್ಪು, ಬಾಳೆಕಂದು ಕಟ್ಟಿಸಿದರು. ಬೋಟಿನಲ್ಲಿ ಎರಡು ಹುಟ್ಟು ಇರಬೇಕು. ದಡದ ಸ್ವಾಗತ ಬ್ಯಾನರಿಗೆ ಒಂದು ಗಳ ಕಡಿಮೆ ಬಿತ್ತೆಂದು ಒಂದು ಹುಟ್ಟನ್ನು ಅವರು ಅಲ್ಲಿ ನೆಟ್ಟಿದ್ದು ನನಗೆ ಗೊತ್ತಾಗಲಿಲ್ಲ.

ವಾಲಗ, ತಮಟೆ, ಏರಿ ತುಂಬಾ ಜನ. ಬೋಟಿನಲ್ಲಿ ಬಿಳಿ ಪಂಚೆ ಶರ್ಟಿನ ಸಾಹೇಬರು, ಅವರ ಮನೆಯವರು ಅಮ್ಮಾವ್ರು, ಪೂಜಾರಪ್ಪ, ಡ್ರೈವರು, ನಾನು. ನಡುಗೆರೆಯಲ್ಲಿ ನಿಂತೆವು. ಅರಿಶಿನ ಕುಂಕುಮ, ಬಳೆ, ತೆಂಗಿನಕಾಯಿ ಇಟ್ಟ ಮೊರದ ಬಾಗಿನ ತೇಲಿಬಿಟ್ಟರು. ಆಮೇಲೆ ಅಮ್ಮಾವ್ರು ಗಂಗಮ್ಮನಿಗೆಂದು ತಂದಿದ್ದ ಹಸಿರು ರೇಷ್ಮೆ ಸೀರೆಯನ್ನು ಮಡಿಕೆ ಬಿಚ್ಚಿ, ಎರಡೂ ಕೈಯಲ್ಲಿ ನೀರಿನ ಮೇಲೆ ಹರಡಿದರು. ನೋಡಲು ಬಹಳ ಚೆಂದವಿತ್ತು. ನೋಡುತ್ತಾ ನಿಂತ ಡ್ರೈವರೂ ನಾನೂ, ಇಂಜಿನ್ ಇನ್ನೂ ಆನ್ ಇದೆ ಅನ್ನುವುದನ್ನು ಮರೆತೆವು.

ಸೀರೆ ಮೆಲ್ಲಗೆ ಬೋಟಿನ ಕೆಳಗೆ ಸರಿಯಿತು. ಸೆರಗು ಕಾಣದಾಯಿತು. "ಗಂಗಮ್ಮ ತಗೊಂಡ್ಲು!" ಅಂತ ಪೂಜಾರಪ್ಪ ಕೈಮುಗಿದರು. ಮರುಕ್ಷಣ 'ಗರ್ರ್ ಗಕ್' ಅಂದು ಇಂಜಿನ್ ನಿಂತಿತು.

"ಏನಾಯ್ತು?" ಅಂದರು ಸಾಹೇಬರು.

"ಸೀರೆ ಪಂಪಿಗೆ ಸುತ್ಕೊಂಡೈತೆ ಸಾರ್," ಅಂದೆ.

ಅಷ್ಟು ಹೊತ್ತಿಗೆ ಗಾಳಿ ಎದ್ದಿತು. ಬೋಟು ನಿಧಾನಕ್ಕೆ ಕೋಡಿಯ ಕಡೆ ಸರಿಯತೊಡಗಿತು. ದೂರದಲ್ಲಿ ಕೋಡಿಯ ನೀರು ಕಲ್ಲಿನ ಮೇಲೆ ಬೀಳುವ ಭೋರ್ಗರೆತ ಕೇಳುತ್ತಿತ್ತು. ಡ್ರೈವರ್ ಹುಟ್ಟಿಗೆ ತಡಕಾಡಿದ. ಒಂದೇ ಸಿಕ್ಕಿತು. ಒಂದೇ ಕಡೆ ಹಾಕಿದ್ದಕ್ಕೆ ಬೋಟು ಗಿರ್ರನೆ ಒಂದು ಸುತ್ತು ಸುತ್ತಿತು. ಗಾಬರಿಯಲ್ಲಿ ಅವನು ಅದೇ ಕಡೆ ಇನ್ನೂ ಜೋರಾಗಿ ಹಾಕಿದ, ಇನ್ನೊಂದು ಸುತ್ತು ಸುತ್ತಿತು.

ಏರಿಯ ಮೇಲಿನ ಜನ ಕೈಮುಗಿದರು. "ಪ್ರದಕ್ಷಿಣೆ ಆಕ್ತಾವ್ರೆ!" ಅಂತ ಯಾರೋ ಕೂಗಿದ್ದು ನಮಗೂ ಕೇಳಿಸಿತು. ವಾಲಗದವರು ಗಟ್ಟಿಮೇಳ ಶುರುಮಾಡಿದರು. ಸಾಹೇಬರು ಸಹಾಯಕ್ಕೆಂದು ಕೈ ಬೀಸಿದರು, ಜನ ಸಂತೋಷದಿಂದ ತಿರುಗಿ ಕೈ ಬೀಸಿದರು.

ನಾನು ಕೀಲಿ ಕಿತ್ತು ಜೇಬಿಗಿಟ್ಟುಕೊಂಡು ಬೋರಲು ಬಿದ್ದು ನೀರಿಗೆ ಕೈ ಹಾಕಿದೆ. ಸೀರೆಯ ಒಂದು ತುದಿ ಸಿಕ್ಕಿತು. ಎಳೆಯಬೇಕು, ಅಷ್ಟರಲ್ಲಿ ಪೂಜಾರಪ್ಪ ನನ್ನ ಜಾಕೆಟ್ ಹಿಡಿದರು.

"ಏಯ್, ಮುಟ್ಬೇಡ! ಗಂಗಮ್ಮಂಗೆ ಒಪ್ಪಿಸಿದ್ದನ್ನ ಹಿಂದಕ್ಕೆ ತಗಳಂಗಿಲ್ಲ!"

"ಸ್ವಾಮಿ, ತಗಳ್ದಿದ್ರೆ ನಾವೂ ಗಂಗಮ್ಮನ ಅತ್ರನೇ ಓಯ್ತೀವಿ. ಕೋಡಿ ನೋಡಿ!"

ಪೂಜಾರಪ್ಪ ಕೋಡಿ ನೋಡಿದರು, ಸೀರೆ ನೋಡಿದರು, ಬೆವರಿದರು, ಆದರೆ ಜಾಕೆಟ್ ಬಿಡಲಿಲ್ಲ. ಸಾಹೇಬರು ಇಬ್ಬರ ಮುಖವನ್ನೂ ನೋಡಿದರು. ಆಗ ಅಮ್ಮಾವ್ರು ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದರು.

"ಪೂಜಾರಪ್ಪ, ಗಂಗಮ್ಮ ಎಲ್ಲಿ ತಗೊಂಡಿದ್ದಾಳೆ? ತಗೊಂಡಿರೋದು ಇಂಜಿನ್ನು. ನಾವು ಇಂಜಿನ್ ಹತ್ರ ಈಸ್ಕೊಂತಾ ಇದೀವಿ, ಅವಳ ಹತ್ರ ಅಲ್ಲ. ನೀವೂ ಒಂದು ಕೈ ಹಾಕಿ."

ಪೂಜಾರಪ್ಪ ಅರೆಗಳಿಗೆ ಯೋಚಿಸಿದರು. ನ್ಯಾಯ ಸರಿ ಅನ್ನಿಸಿತು. ಜಾಕೆಟ್ ಬಿಟ್ಟು ಸೀರೆ ಹಿಡಿದರು.

ಸುಮ್ಮನೆ ಎಳೆದರೆ ಬರುವಂತಿರಲಿಲ್ಲ. ಬೋರ್‌ವೆಲ್ ಮೋಟರಿಗೆ ಹಗ್ಗ ಸುತ್ತಿಕೊಂಡಾಗ ಮಾಡುವ ಹಾಗೆ, ಸುತ್ತಿದ ದಿಕ್ಕಿಗೆ ವಿರುದ್ಧ ತಿರುಗಿಸಬೇಕು. ನಾನು ಇಂಜಿನ್ ಮುಚ್ಚಳ ತೆಗೆದು ಒಳಗಿನ ಶಾಫ್ಟನ್ನು ಕೈಯಲ್ಲೇ ಹಿಂದಕ್ಕೆ ತಿರುಗಿಸತೊಡಗಿದೆ. ಮೇಲೆ ಪೂಜಾರಪ್ಪ, ಅವರ ಹಿಂದೆ ಅಮ್ಮಾವ್ರು, ಅವರ ಹಿಂದೆ ಬಿಳಿ ಬಟ್ಟೆಯ ಸಾಹೇಬರು, ಮೂವರೂ ಬಾವಿಯಿಂದ ನೀರು ಸೇದುವವರ ಹಾಗೆ ಸೀರೆ ಎಳೆದರು. "ಬತ್ತಾ ಐತೆ! ಬತ್ತಾ ಐತೆ!" ಕೋಡಿಯ ಶಬ್ದ ಜೋರಾಗುತ್ತಲೇ ಇತ್ತು. ನಾನು ತಿರುಗಿಸುವುದು ನಿಲ್ಲಿಸಲಿಲ್ಲ.

ಪರ್ರನೆ ಶಬ್ದವಾಯಿತು. ಸೀರೆ ಕಿತ್ತು ಬಂತು, ಮೂವರೂ ಒಬ್ಬರ ಮೇಲೊಬ್ಬರು ಬಿದ್ದರು. ಸೀರೆಗೆ ಹತ್ತಿದ್ದ ಗ್ರೀಸು ಸಾಹೇಬರ ಅಂಗಿಯ ಮೇಲೆ ಎದೆಗೆ ಸರಿಯಾಗಿ ಅಂಟಿತು. ಕೀಲಿ ಎಸೆದೆ. ಡ್ರೈವರ್ ತಿರುಗಿಸಿದ. ಇಂಜಿನ್ ಒಂದು ಸಲ ಕೆಮ್ಮಿತು, ಎರಡನೇ ಸಲ ಗುಡುಗಿತು. ಬೋಟು ಕೋಡಿಗೆ ಬೆನ್ನು ತಿರುಗಿಸಿ ಹಾರಿತು. ಪೂಜಾರಪ್ಪ ಕಣ್ಣು ಮುಚ್ಚಿಕೊಂಡು ಗೊತ್ತಿದ್ದ ದೇವರನ್ನೆಲ್ಲ ಕರೆದರು.

ಆ ಸೀರೆ ಮತ್ತೆ ಬಿಡೋಣವೇ ಅಂತ ಅಮ್ಮಾವ್ರು ಕೇಳಿದರು. "ಅರ್ದೋಗಿರೋ ಸೀರೆ ಒಪ್ಪಿಸಂಗಿಲ್ಲ ತಾಯಿ. ಇನ್ನೊಂದಿನ ಒಸದು ತಂದು ಮೆಟ್ಲಿಂದ ಬುಡಿ. ಮೆಟ್ಲಿಂದ," ಅಂತ ಪೂಜಾರಪ್ಪ ಎರಡು ಸಲ ಹೇಳಿದರು.

ದಡದಲ್ಲಿ ಯಜಮಾನರು ಹಾರ ಹಿಡಿದು ನಿಂತಿದ್ದರು. ಸಾಹೇಬರು ಇಳಿದು, ಗ್ರೀಸಿನ ಅಂಗಿ ನೋಡಿಕೊಂಡು, ಅವರ ಭುಜ ತಟ್ಟಿದರು. "ಬೋಟಿಂಗು ಮಾಡ್ಕೊಳ್ಳಪ್ಪ, ಹೇಳ್ತೀನಿ. ಮೆಕ್ಯಾನಿಕ್ ಒಳ್ಳೇವ್ನಿದಾನೆ. ಆದ್ರೆ ನನ್ನ ಮಾತ್ರ ಮತ್ತೆ ಕರೀಬೇಡ."

ಹಿಂದಿನಿಂದ ಅಮ್ಮಾವ್ರು ನೀರು ಸೋರುವ ಸೀರೆಯ ಮುದ್ದೆಯನ್ನು ತೋಳಿನ ಮೇಲೆ ಹಾಕಿಕೊಂಡು ಮೆಟ್ಟಿಲು ಹತ್ತಿದರು. ಏರಿಯ ಮೇಲಿನ ಜನಕ್ಕೆ ಅಲ್ಲಿಂದ ಕಂಡದ್ದು ಇಷ್ಟೇ: ಅಮ್ಮಾವ್ರು ಗಂಗಮ್ಮನಿಗೆ ಸೀರೆ ಕೊಟ್ಟರು, ಗಂಗಮ್ಮ ಒಳಗೆ ತಗೊಂಡಳು, ಸ್ವಲ್ಪ ಹೊತ್ತಿಗೆ ವಾಪಸ್ ಕೊಟ್ಟಳು. ವಾಲಗ ನಿಂತಿತು. ಎಲ್ಲರೂ ಗಾಬರಿಯಿಂದ ಸೀರೆಯನ್ನೇ ನೋಡುತ್ತಿದ್ದರು. ಗುಂಪಿನಿಂದ ಒಬ್ಬ ಮುದುಕಮ್ಮ ಮುಂದೆ ಬಂದು, ಸೀರೆಯ ತುದಿ ಮುಟ್ಟಿ, ನಡುಗುವ ದನಿಯಲ್ಲಿ ಕೇಳಿತು: "ಯಾಕವ್ವಾ ತಿರುಗ್ಸಿ ಕೊಟ್ಬುಟ್ಲು ನಮ್ ತಾಯಿ? ಬಣ್ಣ ಇಡಿಸ್ನಿಲ್ವಾ?"

ಅಮ್ಮಾವ್ರು ಮುದುಕಮ್ಮನ ಕೈ ಹಿಡಿದುಕೊಂಡು, ಮುಖದಲ್ಲಿ ಒಂದಿಷ್ಟೂ ನಗು ತೋರದೆ ಅಂದರು:

"ಬಣ್ಣ ಎಲ್ಲ ಇಷ್ಟ ಆಗಿದೆ ಕಣಮ್ಮ. ಫಾಲ್ಸ್ ಹೊಲಿಸ್ಕೊಂಡು ತಗೊಂಬಾ ಅಂತ ಕಳಿಸಿದಾಳೆ."